ಮುಯ್ಯಿಯೋ, ಇನಾಮೋ?

ಮದುವೆಯ ಚಪ್ಪರದಲ್ಲಿ ಮುಯ್ಯಿ ಓದಿಸುವುದನ್ನು ನಮ್ಮ ಓದುಗರೆಲ್ಲ ಬಲ್ಲರು. ಇಂಥವರದು ಇಷ್ಟು ಎಂದು ಒಬ್ಬರು ಕೂಗುತ್ತಾರೆ, ಇನ್ನೊಬ್ಬರು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಕೊಟ್ಟವರ ಮನೆಯಲ್ಲಿ ಶುಭಕಾರ್ಯವಾದಾಗ ಆ ಪುಸ್ತಕ ತೆರೆದು ನೋಡಿ ಹಿಂದಿರುಗಿಸಬೇಕು. ಹೊಲಗದ್ದೆಯಲ್ಲಿ ಇದೇ ಮುಯ್ಯಾಳು. ಇಂದು ನಿಮ್ಮ ನಾಟಿಗೆ ನಾನು, ನಾಳೆ ನನ್ನ ನಾಟಿಗೆ ನೀವು. ಕೂಲಿಯ ಮಾತಿಲ್ಲ, ದಿನಕ್ಕೆ ದಿನ. ಸೇಡು ತೀರಿಸಿಕೊಂಡರೂ ಮುಯ್ಯಿ ತೀರಿಸಿಕೊಂಡನೆಂದೇ ಅನ್ನುತ್ತೇವೆ. ಉಡುಗೊರೆಗೂ ಹಗೆಗೂ ಒಂದೇ ಶಬ್ದವೇ ಎಂದು ಪಂಡಿತರು ಮೂಗು ಮುರಿಯಬೇಕಾಗಿಲ್ಲ. ಎರಡರಲ್ಲಿಯೂ ತಕ್ಕಡಿ ಸಮನಾಗಿ ನಿಲ್ಲಬೇಕು, ಅಷ್ಟೆ.

ಮುಯ್ಯಿಗೆ ಬಡ್ಡಿಯಿಲ್ಲ. ಕೈಗಡಕ್ಕೂ ಸಾಲಕ್ಕೂ ಇರುವ ಅಂತರವನ್ನು ಬಲ್ಲ ಅಂಗಡಿಯ ಗೆಳೆಯರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಆದರೆ ಸರೀಕರಲ್ಲದವರ ನಡುವೆ ನಡೆದಾಗ ಮುಯ್ಯಿ ಕೆಡುತ್ತದೆ. ಕೂಲಿಯವನ ಮಗಳ ಮದುವೆಗೆ ಧಣಿ ಐದು ಸಾವಿರ ಓದಿಸಿದರೆ ಅವನು ಅದನ್ನು ಹಣದಲ್ಲಿ ತೀರಿಸಲಾರ. ಮೈ ಬಗ್ಗಿಸಿ ತೀರಿಸುತ್ತಾನೆ. ಅದಕ್ಕೆ ಹೆಸರು ಜೀತ. 1976ರ ಜೀತ ರದ್ದತಿ ಕಾಯಿದೆಯು ಸಾಲಕ್ಕಾಗಿ ಮಾತ್ರವಲ್ಲ, ರೂಢಿಯ ಋಣದ ಹೆಸರಿನಲ್ಲಿ ದುಡಿಸಿಕೊಳ್ಳುವುದನ್ನೂ ಜೀತವೆಂದೇ ಎಣಿಸಿತು.

ಇದೇ ಕಣ್ಣಿನಿಂದ ಬೋನಸ್ಸನ್ನೂ ನೋಡಬೇಕು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ಮುಂಬಯಿಯ ಬಟ್ಟೆ ಗಿರಣಿಗಳು ಯುದ್ಧದ ಬೋನಸ್ ಎಂದು ಕೊಡತೊಡಗಿದವು. ಮುಂದೆ ಅದನ್ನು ನಿಲ್ಲಿಸಿದಾಗ 1924ರಲ್ಲಿ ಕಾರ್ಮಿಕರು ಮುಷ್ಕರ ಹೂಡಿದರು. ವಿಚಾರಣೆ ನಡೆಸಿದ ಮ್ಯಾಕ್ಲಿಯಡ್ ಸಮಿತಿ, ಬೋನಸ್ಸು ಕಾರ್ಮಿಕರು ಹಕ್ಕಿನಿಂದ ಕೇಳಬಹುದಾದ ವಸ್ತುವಲ್ಲವೆಂದಿತು. ಕೊಟ್ಟರೆ ಇನಾಮು, ಕೊಡದಿದ್ದರೆ ಇಲ್ಲ! ಈ ಮಾತು ಸುಳ್ಳಾಗಲು ನಾಲ್ಕು ದಶಕ ಹಿಡಿಯಿತು. 1965ರ ಕಾಯಿದೆ ಕನಿಷ್ಠ ಬೋನಸ್ಸನ್ನು ಶೇಕಡ 4 ಎಂದು ಗೊತ್ತುಮಾಡಿತು. ಅನಂತರ ಅದು ಶೇಕಡ 8.33ಕ್ಕೆ ಏರಿತು, ಎಂದರೆ ಲೆಕ್ಕಕ್ಕೆ ಹಿಡಿಯುವ ವರ್ಷದ ಸಂಬಳದ ಹನ್ನೆರಡರಲ್ಲಿ ಒಂದು ಪಾಲು.

ಆದರೂ ದೀಪಾವಳಿಯ ಹೊತ್ತಿಗೆ ಮಿಠಾಯಿ ಪೊಟ್ಟಣದ ಜೊತೆಗೆ ಇದನ್ನು ಕೈಗಿಟ್ಟು, ವರ್ಷವಿಡೀ ಬಾಯಿ ಮುಚ್ಚಿಕೊಂಡಿರುವುದನ್ನು ಮುಯ್ಯಿಯಾಗಿ ಬಯಸುವ ಧಣಿಗಳು ಇದ್ದೇ ಇದ್ದಾರೆ. ಮೊದಲು ಓದಿಸಿದವರು ಯಾರು ಸ್ವಾಮಿ? ಹನ್ನೆರಡು ತಿಂಗಳು ಮಗ್ಗದ ಮುಂದೆ ನಿಂತವನು ಹಾಕಿದ ಮುಯ್ಯಿಯಲ್ಲಿ ಒಂದು ಪಾಲು ಹಿಂದಕ್ಕೆ ಬರುತ್ತಿದೆ. ಅದರಲ್ಲಿಯೂ ಬಹುಪಾಲು ಬೀದಿಯ ಅಂಗಡಿಯ ಉದ್ದರಿಗೆ ಹೋಗುತ್ತದೆ. ಬೋನಸ್ ಪಡೆಯುವ ದಿನ ಕೈ ಮುಗಿಯುವುದು ಬೇಡ. ನೋಟುಗಳನ್ನು ಅಲ್ಲಿಯೇ ನಿಂತು ಎಣಿಸಿ, ಕಡಿಮೆಯಿದ್ದರೆ ಸಂಘಕ್ಕೆ ತಿಳಿಸಿ.