ಸರಾಸರಿಗೆ ತೆತ್ತ ಬೆಲೆ

ಬೆಲ್ಲದ ಬಾಗೇವಾಡಿಯ ಸುತ್ತಲಿನ ರೈತನಿಗೆ ಕಬ್ಬಿನ ತಳಿಯ ಆಯ್ಕೆಯು ಒಂದು ಹಂಗಾಮಿನ ಮಾತಲ್ಲ. ಒಮ್ಮೆ ನಾಟಿ ಮಾಡಿದ ಮೇಲೆ ಕೂಳೆ ಬೆಳೆಯೂ ಸೇರಿ ಎರಡು ಮೂರು ವರ್ಷ ಆ ತಳಿಯೊಡನೆಯೇ ಬಾಳಬೇಕು. ಆದುದರಿಂದ ಒಂದು ತಳಿ ಇನ್ನೊಂದಕ್ಕಿಂತ ಮೇಲೆಂದು ಹೇಳುವವರನ್ನು ಅದು ಯಾವ ಲೆಕ್ಕದಿಂದ ಎಂದು ಕೇಳುವ ಅಧಿಕಾರ ಅವನಿಗುಂಟು. ಆ ಲೆಕ್ಕವನ್ನು ತಿಳಿಯಪಡಿಸುವ ಹೊಣೆ ಗಣಿತ ಬೋಧಿಸುವ ನಮ್ಮ ಮೇಲಿದೆಯೆಂಬುದು ನನ್ನ ಅಭಿಪ್ರಾಯ.

ಒಂದೇ ತಳಿಯನ್ನು ಅಕ್ಕಪಕ್ಕದ ಎರಡು ತಾಕುಗಳಲ್ಲಿ ಬೆಳೆದರೂ ಇಳುವರಿ ಒಂದೇ ಆಗದು. ಈ ಸಹಜ ಏರಿಳಿತ ಎಷ್ಟೆಂದು ಅಳೆದ ಬಳಿಕವೇ ತಳಿಗಳ ನಡುವಣ ಅಂತರ ನಿಜವೋ ಆಕಸ್ಮಿಕವೋ ಎಂದು ನಿರ್ಣಯಿಸಬೇಕು. ಗರಿಷ್ಠ ಸಂಭವನೀಯತೆಯ ಹಳೆಯ ವಿಧಾನ ಎಡವುವುದು ಇಲ್ಲಿಯೇ. ತಳಿಯ ಸರಾಸರಿಯನ್ನು ಅಂಕಿಗಳಿಂದಲೇ ಪಡೆದು, ಅದು ಮೊದಲೇ ತಿಳಿದಿತ್ತೆಂಬಂತೆ ಅದು ಮುಂದುವರಿಯುತ್ತದೆ. ಎರಡು ತಾಕುಗಳಲ್ಲಿ ಎಕರೆಗೆ 40 ಮತ್ತು 50 ಟನ್ನು ಬಂದಿತೆನ್ನೋಣ. ಸರಾಸರಿ 45, ವಿಚಲನೆಗಳ ವರ್ಗಗಳ ಮೊತ್ತ 50. ಇದನ್ನು 2ರಿಂದ ಭಾಗಿಸಿದರೆ 25. ಆದರೆ ಎರಡು ಅಂಕಿಗಳಲ್ಲಿ ಒಂದರ ಬೆಲೆಯನ್ನು ಸರಾಸರಿಗಾಗಿ ತೆತ್ತಾಗಿದೆ. ಉಳಿದದ್ದು ಒಂದೇ, ಉತ್ತರ 50. ಹೀಗೆ ತಳಿಗೆ ಎರಡೇ ತಾಕುಗಳಿರುವ ಪ್ರಯೋಗದಲ್ಲಿ ತಳಿಗಳನ್ನು 20ರಿಂದ 200ಕ್ಕೆ ಏರಿಸಿದರೂ ಹಳೆಯ ಲೆಕ್ಕವು ಅರ್ಧದಷ್ಟು ಏರಿಳಿತವನ್ನೇ ತೋರಿಸುತ್ತಿರುತ್ತದೆ. ಈ ವಿಚಿತ್ರವನ್ನು ನೇಮನ್ ಮತ್ತು ಸ್ಕಾಟ್ 1948ರಲ್ಲಿಯೇ ತೋರಿಸಿದ್ದರು. ಏರಿಳಿತ ಕಿರಿದಾಗಿ ಕಂಡಷ್ಟೂ ಆಕಸ್ಮಿಕ ಅಂತರವು ನಿಜವೆಂದು ಮೆರೆಯುತ್ತದೆ. ನಷ್ಟ ಮಾತ್ರ ರೈತನದು.

1ನ್ನು ಕಳೆದು ಭಾಗಿಸಿದರೆ ಸಾಲದೆ? ಎಲ್ಲವೂ ಸಮನಾಗಿದ್ದರೆ ಸಾಕು. ಆದರೆ ಹೊಲ ಅಷ್ಟು ವಿಧೇಯವಲ್ಲ. ಒಂದು ತಾಕಿನಲ್ಲಿ ನೀರು ನಿಲ್ಲುತ್ತದೆ, ಇನ್ನೊಂದರ ಅಂಕಿಯೇ ದೊರೆಯುವುದಿಲ್ಲ. ಪಟ್ಟಿಯಿಂದ ಪಟ್ಟಿಗಿರುವ ಏರಿಳಿತವೂ ತಾಕಿನಿಂದ ತಾಕಿಗಿರುವ ಏರಿಳಿತವೂ ಹೆಣೆದುಕೊಳ್ಳುತ್ತವೆ. ಇಂತಹ ಅಸಮ ಪ್ರಯೋಗಗಳಿಗಾಗಿಯೇ 1971ರಲ್ಲಿ ಪ್ಯಾಟರ್ಸನ್ ಮತ್ತು ಥಾಂಪ್ಸನ್ ‘ಬಯೊಮೆಟ್ರಿಕಾ’ ಪತ್ರಿಕೆಯಲ್ಲಿ ನಿರ್ಬಂಧಿತ ಗರಿಷ್ಠ ಸಂಭವನೀಯತೆಯ ವಿಧಾನವನ್ನು ಮಂಡಿಸಿದರು. ತಳಿಯ ಸರಾಸರಿ ಏನೇ ಇರಲಿ, ಅದರಿಂದ ಬದಲಾಗದ ಅಂತರಗಳನ್ನು ಮಾತ್ರ ಆಯ್ದು ಏರಿಳಿತವನ್ನು ಅಂದಾಜು ಮಾಡುವುದು ಅದರ ತಿರುಳು. ಮೇಲಿನ ಉದಾಹರಣೆಯಲ್ಲಿ ಅಂತಹ ಅಂತರ ಒಂದೇ: 10 ಟನ್ನು.

ನಮ್ಮವರಿಗೆ ಅಭಿಮಾನದ ಸಂಗತಿಯೊಂದಿದೆ. 1920ರಲ್ಲಿ ಹೂವಿನ ಹಡಗಲಿಯಲ್ಲಿ ಜನಿಸಿದ ಸಿ. ಆರ್. ರಾವ್ ಅವರು ಇದೇ ಸಮಸ್ಯೆಗೆ 1970ರ ಸುಮಾರಿನಲ್ಲಿ ‘ಮಿಂಕ್ವೆ’ ಎಂಬ ಬೇರೆ ದಾರಿಯನ್ನು ಕಂಡರು. ಒಂದು ಆರಂಭಿಕ ಊಹೆಯಿಂದ ಹೊರಟು ಅವರ ವಿಧಾನವನ್ನು ಮತ್ತೆ ಮತ್ತೆ ಅನ್ವಯಿಸಿದರೆ, ಅದು ನೆಲೆ ನಿಂತಾಗ ದೊರೆಯುವುದು ಪ್ಯಾಟರ್ಸನ್-ಥಾಂಪ್ಸನ್ನರ ಸಮೀಕರಣಗಳ ಉತ್ತರವೇ. ಅವರು 2023ರಲ್ಲಿ ನಿಧನರಾದರು. ಅವರ ಹೆಸರನ್ನು ಅರಿಯದೆ ನಮ್ಮ ಮಕ್ಕಳು ಪ್ರೌಢಶಾಲೆಯನ್ನು ದಾಟುವುದು ಸರಿಯಲ್ಲ. ಅಂಕಿಗಳೇ ವಿರಳವಾಗಿದ್ದರೆ ಈ ವಿಧಾನದ ಉತ್ತರವೂ ಅಲುಗಾಡುತ್ತದೆಂಬುದನ್ನು ಜೊತೆಗೇ ಹೇಳಬೇಕು.

ಇದು ಹೊಲಕ್ಕಷ್ಟೇ ಸೀಮಿತವಲ್ಲ. ಎಸ್.ಎಸ್.ಎಲ್.ಸಿ. ಫಲಿತಾಂಶದ ಶೇಕಡಾವಾರು ನೋಡಿ ಶಾಲೆಗಳನ್ನು ಹೊಗಳುವುದೂ ತೆಗಳುವುದೂ ನಡೆದೇ ಇದೆ. 12 ಮಕ್ಕಳ ಶಾಲೆಯಲ್ಲಿ ಒಬ್ಬನು ಅನುತ್ತೀರ್ಣನಾದರೆ ಶೇಕಡಾ 8ರಷ್ಟು ಇಳಿಕೆ; 120 ಮಕ್ಕಳ ಶಾಲೆಯಲ್ಲಿ ಶೇಕಡಾ 1ಕ್ಕಿಂತ ಕಡಿಮೆ. ಮಕ್ಕಳ ನಡುವಣ ಏರಿಳಿತವನ್ನೂ ಶಾಲೆಗಳ ನಡುವಣ ಏರಿಳಿತವನ್ನೂ ಬೇರ್ಪಡಿಸದೆ ಕೊಡುವ ಪಾರಿತೋಷಕ ಸಣ್ಣ ಶಾಲೆಯ ಅದೃಷ್ಟಕ್ಕೆ ಸಲ್ಲುತ್ತದೆ. ಮರುವರ್ಷ ಅದೇ ಶಾಲೆಯ ಗುರುಗಳು ವಿನಾಕಾರಣ ನಿಂದೆಗೆ ಗುರಿಯಾಗುತ್ತಾರೆ. ದಾನಿಗಳಲ್ಲಿ ನನ್ನ ವಿನಂತಿ ಇಷ್ಟೇ: ಇನ್ನು ಮುಂದೆ ಐದು ವರ್ಷಗಳ ಫಲಿತಾಂಶವನ್ನು, ಪರೀಕ್ಷೆಗೆ ಕುಳಿತವರ ಸಂಖ್ಯೆಯ ಸಮೇತ, ಒಟ್ಟಿಗೆ ತರಿಸಿಕೊಂಡು ಪಾರಿತೋಷಕವನ್ನು ನಿರ್ಧರಿಸಬೇಕು.