ನರ್ಸಿಂಗ್ ಹುಡುಗೀರ ಫೈಲು

ನರ್ಸಿಂಗ್ ಇಂಟರ್‌ವ್ಯೂಗೆ ಹೊರಟ ನಮ್ಮ ಹಾಸ್ಟೆಲ್ ಹುಡುಗ ಹುಡುಗೀರ ಫೈಲು ಬಿಚ್ಚಿ ನೋಡಿ. ಮಾರ್ಕ್ಸ್ ಕಾರ್ಡು, ಟಿ.ಸಿ., ಜಾತಿ ಸರ್ಟಿಫಿಕೇಟು, ಆಧಾರ್ ಜೆರಾಕ್ಸು. ಅಷ್ಟೆ. ಮೂರು ವರ್ಷ ಜಿಲ್ಲಾ ಆಸ್ಪತ್ರೆ ವಾರ್ಡುಗಳಲ್ಲಿ ನಿದ್ದೆಗೆಟ್ಟು ದುಡಿದದ್ದು ಅದರಲ್ಲಿ ಎಲ್ಲೂ ಇರೋದಿಲ್ಲ.

ಇದು ಹಳೇ ಕಥೆ. ಎಷ್ಟೋ ಊರುಗಳಲ್ಲಿ ಗೌಡರ ಮನೆ ಹೆರಿಗೆಗೆ ನಡುರಾತ್ರಿ ಕರೀತಿದ್ದದ್ದು ನಮ್ಮ ಕೇರಿ ಅಜ್ಜಿಯರನ್ನೇ. ಕೂಸು ಈಚೆಗೆ ಬಂದ ಮೇಲೆ ಅದೇ ಅಜ್ಜಿ ಹೊಸಿಲಾಚೆ. ಅವಳು ಎಷ್ಟು ಹೆರಿಗೆ ಮಾಡಿಸಿದಳು ಅಂತ ಬರೆದಿಟ್ಟವರು ಯಾರು? ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂದದ್ದು 2018ರಲ್ಲಿ. ಅದೇ ವರ್ಷ ತೀರಿಕೊಂಡರು. ಉಳಿದವರ ಲೆಕ್ಕ ಮಣ್ಣಾಯಿತು. ಮೊಮ್ಮಕ್ಕಳೂ ಲೆಕ್ಕ ಇಡದೆ ಹೋದರೆ ಹೇಗೆ?

ಆದ್ದರಿಂದ ಫೈಲಿನ ಮೊದಲ ಹಾಳೆ ಕೆಲಸದ ಹಾಳೆ ಆಗಬೇಕು ಅಂತೀವಿ ನಾವು. ಯಾವ ವಾರ್ಡು, ಎಷ್ಟು ತಿಂಗಳು, ಎಷ್ಟು ಹಾಸಿಗೆ, ರಾತ್ರಿ ಪಾಳಿಯಲ್ಲಿ ಒಬ್ಬರ ಪಾಲಿಗೆ ಎಷ್ಟು ರೋಗಿಗಳು. ಕ್ಯಾನುಲಾ, ಕ್ಯಾಥೆಟರ್, ಡ್ರೆಸಿಂಗ್, ಹೆರಿಗೆ ಇವುಗಳಲ್ಲಿ ನೀವೇ ಮಾಡಿದ್ದು ಯಾವುದು, ಸಿಸ್ಟರ್ ಪಕ್ಕದಲ್ಲಿ ನಿಂತು ಮಾಡಿಸಿದ್ದು ಯಾವುದು, ಬರೀ ನೋಡಿದ್ದು ಯಾವುದು, ಬೇರೆ ಬೇರೆ ಬರೀರಿ. ಲಾಗ್‌ಬುಕ್ಕಿನಲ್ಲಿ ಇದೆಲ್ಲಾ ಸಹಿ ಸಮೇತ ಇದ್ದೇ ಇದೆ. ಕಾಲೇಜಿಗೆ ಒಪ್ಪಿಸೋ ಮೊದಲು ಜೆರಾಕ್ಸ್ ಮಾಡಿಸಿಕೊಳ್ಳಿ. ರೋಗಿಯ ಹೆಸರು ಮಾತ್ರ ಎಲ್ಲೂ ಬೇಡ. ಸೈಬರ್ ಅಂಗಡಿಯವನು ಟೈಪ್ ಮಾಡಿಕೊಡೋ ದೊಡ್ಡ ದೊಡ್ಡ ಇಂಗ್ಲಿಷ್ ಮಾತೂ ಬೇಡ. ಬರೆದದ್ದರ ಮೇಲೇ ಪ್ರಶ್ನೆ ಬರುತ್ತೆ. 500 ಎಂ.ಎಲ್. ಡ್ರಿಪ್ಪು 4 ಗಂಟೆಯಲ್ಲಿ ಮುಗೀಬೇಕು, ಸೆಟ್ಟಿನಲ್ಲಿ 20 ಹನಿಗೆ 1 ಎಂ.ಎಲ್., ನಿಮಿಷಕ್ಕೆ ಎಷ್ಟು ಹನಿ ಅಂತ ಕೇಳಿದರೆ ಸುಮಾರು 42 ಅನ್ನೋಕೆ ಬರಬೇಕು. ಇಂಗ್ಲಿಷು ತಡವರಿಸಿದರೆ ತಡವರಿಸಲಿ, ಈ ಲೆಕ್ಕ ತಪ್ಪಬಾರದು.

ನರ್ಸಿಂಗ್ ಕೌನ್ಸಿಲ್ ನೋಂದಣಿ ಎರಡನೇ ಹಾಳೆ. ಅದಿಲ್ಲದಿದ್ದರೆ ಮಿಕ್ಕಿದ್ದೆಲ್ಲ ದಂಡ.

ಸರ್ಕಾರಿ ನೇಮಕಾತಿಗೆ ಆರ್.ಡಿ. ನಂಬರಿನ ಜಾತಿ ಸರ್ಟಿಫಿಕೇಟು ಬೇಕೇ ಬೇಕು. ಅದು ನಮ್ಮ ಹಕ್ಕು. ಖಾಸಗಿ ಆಸ್ಪತ್ರೆಯಲ್ಲಿ ಮೀಸಲಾತಿಯೇ ಇಲ್ಲ, ಅಲ್ಲಿ ಯಾಕೆ ಇಡಬೇಕು? ಮುಚ್ಚಿಡಿ ಅಂತ ನಾವು ಹೇಳ್ತಿಲ್ಲ. ಆದರೆ ‘ನಿಮ್ಮದು ಯಾವ ಜನ?’ ಅಂತ ನಗುನಗುತ್ತಾ ಕೇಳೋರಿದ್ದಾರೆ. ‘ಕೆಲಸದ ವಿಷಯ ಕೇಳಿ ಸಾರ್’ ಅನ್ನಿ.

ಇನ್ನು ಒರಿಜಿನಲ್‌ಗಳ ಮಾತು. ಸ್ಕಾಲರ್‌ಶಿಪ್ ಹಣ ಬಂದಿಲ್ಲ ಅಂತ ನಮ್ಮ ಮಕ್ಕಳ ಮಾರ್ಕ್ಸ್ ಕಾರ್ಡನ್ನ ಬೀರುವಿಗೆ ಹಾಕಿ ಬೀಗ ಜಡಿಯೋ ಕಾಲೇಜುಗಳಿವೆ. ಸರ್ಕಾರ ಕೊಡಬೇಕಾದ ಹಣಕ್ಕೆ ಕೂಲಿಯವನ ಮಗಳು ಒತ್ತೆ! ಡಿಗ್ರಿ ಕಾಲೇಜುಗಳು ಒರಿಜಿನಲ್ ಹಿಡಿದಿಟ್ಟುಕೊಳ್ಳಬಾರದು ಅಂತ ಯು.ಜಿ.ಸಿ. 2018ರಲ್ಲೇ ಹೇಳಿದೆ. ಒಬ್ಬೊಬ್ಬರೇ ಹೋಗಿ ಆಫೀಸಿನ ಗುಮಾಸ್ತರ ಮುಂದೆ ಗೋಗರೀಬೇಡಿ. ಹಾಸ್ಟೆಲಿನ ಹತ್ತು ಜನ ಒಟ್ಟಿಗೆ ಹೋಗಿ, ಬರವಣಿಗೆಯಲ್ಲಿ ಅರ್ಜಿ ಕೊಡಿ, ಇನ್ನೊಂದು ಪ್ರತಿಯ ಮೇಲೆ ತಾರೀಕು ಸಮೇತ ಸೀಲು ಹಾಕಿಸಿಕೊಳ್ಳಿ. ಕೆಲಸ ಕೊಡೋ ಆಸ್ಪತ್ರೆಯವರು ‘ಒರಿಜಿನಲ್ ಇಲ್ಲೇ ಇರಲಿ’ ಅಂದರೂ ಒಪ್ಪಬೇಡಿ. ತೋರಿಸಿ, ಜೆರಾಕ್ಸಿಗೆ ಸಹಿ ಹಾಕಿ ಕೊಡಿ, ಒರಿಜಿನಲ್ ಕೈಯಲ್ಲೇ ವಾಪಸ್ ತನ್ನಿ.