ತೊಂಬತ್ತು ದಿನಗಳ ಆಶ್ರಯ

ನಿರಾಶ್ರಿತರಿಗೆ ಬಾಗಿಲು ತೆರೆದೆವೆಂದು ಶ್ರೀಮಂತ ರಾಷ್ಟ್ರಗಳು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಒಳಗೆ ಕರೆಸಿಕೊಂಡ ಮೇಲೆ ಅವರ ಗತಿ ಏನಾಯಿತೆಂದು ಕೇಳುವವರು ಕಡಿಮೆ. ಅಮೆರಿಕದಲ್ಲಿ ನಡೆದದ್ದನ್ನು ನೋಡಿದಾಗ ಆ ಪ್ರಶ್ನೆಯನ್ನು ಗಟ್ಟಿಯಾಗಿಯೇ ಕೇಳಬೇಕಾಗಿದೆ.

1980ರ ನಿರಾಶ್ರಿತರ ಕಾಯ್ದೆಯ ಬಳಿಕ ಅಲ್ಲಿ ಒಂದು ವ್ಯವಸ್ಥೆ ಬೆಳೆಯಿತು. ಸರ್ಕಾರದ ಅನುದಾನ ಪಡೆದ ಸೇವಾ ಸಂಸ್ಥೆಗಳು ಬಂದಿಳಿದ ಕುಟುಂಬವನ್ನು ಒಬ್ಬ ಕೇಸ್ ಮ್ಯಾನೇಜರ್‌ಗೆ ಒಪ್ಪಿಸುತ್ತಿದ್ದವು. ವಿಮಾನ ನಿಲ್ದಾಣದಲ್ಲಿ ಎದುರುಗೊಳ್ಳುವುದು, ಬಾಡಿಗೆ ಮನೆಗೆ ಹಾಸಿಗೆ, ಪಾತ್ರೆ ಹೊಂದಿಸುವುದು, ಬಂದ ದಿನ ಅವರ ರೂಢಿಗೆ ಒಗ್ಗುವ ಬಿಸಿಯೂಟ ಕೊಡುವುದು, ಮಕ್ಕಳನ್ನು ಶಾಲೆಗೆ ಸೇರಿಸುವುದು, ವೈದ್ಯರ ಮುಂದೆ ದುಭಾಷಿ ಇರುವಂತೆ ನೋಡಿಕೊಳ್ಳುವುದು, ಕೆಲಸ ಹುಡುಕಿಕೊಡುವುದು ಎಲ್ಲವೂ ಅವರ ಹೊಣೆ. ಭಾಷೆ ತಿಳಿಯದ ಊರಿನಲ್ಲಿ ಹೀಗೆ ಜೊತೆಗೆ ನಿಲ್ಲುವ ಒಬ್ಬ ಮನುಷ್ಯನೇ ನಿಜವಾದ ಆಶ್ರಯ.

ಆದರೆ ಈ ಮೊದಲ ಹಂತದ ನೆರವಿಗೆ ಇದ್ದ ಅವಧಿ ಹೆಚ್ಚೆಂದರೆ 90 ದಿನ. ಹತ್ತಾರು ವರ್ಷ ಶಿಬಿರದಲ್ಲಿ ಕಳೆದವರು ಮೂರೇ ತಿಂಗಳಲ್ಲಿ ಸ್ವಂತ ಕಾಲ ಮೇಲೆ ನಿಲ್ಲಬೇಕು! ಬಂದ ವಿಮಾನದ ಟಿಕೆಟ್ ಕೂಡ ಬಿಟ್ಟಿಯಲ್ಲ. ಅದು ಬಡ್ಡಿಯಿಲ್ಲದ ಸಾಲ, ಕಂತಿನಲ್ಲಿ ತೀರಿಸಬೇಕು.

2025ರಲ್ಲಿ ಅಷ್ಟನ್ನೂ ಕಸಿದುಕೊಳ್ಳಲಾಯಿತು. ಜನವರಿ 20ರಂದು ಟ್ರಂಪ್ ಸರ್ಕಾರ ನಿರಾಶ್ರಿತರ ಪ್ರವೇಶವನ್ನು ತಡೆಹಿಡಿಯಿತು. 24ರಂದು, ಆಗಲೇ ಬಂದು ನೆಲೆಸುತ್ತಿದ್ದವರಿಗೆ ನೀಡುತ್ತಿದ್ದ ಸೇವೆಯನ್ನೂ ನಿಲ್ಲಿಸುವಂತೆ ಸಂಸ್ಥೆಗಳಿಗೆ ಆದೇಶ ಹೋಯಿತು. ಮೇ ತಿಂಗಳಿಂದ ಅರ್ಹರಿಗೆ 12 ತಿಂಗಳು ಸಿಗುತ್ತಿದ್ದ ನಗದು ನೆರವು 4 ತಿಂಗಳಿಗೆ ಇಳಿಯಿತು. ಜುಲೈನ ಕಾನೂನು ಗ್ರೀನ್ ಕಾರ್ಡ್ ಸಿಗುವವರೆಗೆ ಸರ್ಕಾರಿ ಆಹಾರ ನೆರವೂ ಇಲ್ಲವೆಂದಿತು. ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬೇಕಾದರೆ ಒಂದು ವರ್ಷ ಕಾಯಬೇಕು. ಆ ಒಂದು ವರ್ಷ ಅವರು ತಿನ್ನುವುದೇನು?

ಬೊಕ್ಕಸ ಬರಿದಾಗುತ್ತದೆ ಎಂಬುದು ಹಳೆಯ ವಾದ. 2005ರಿಂದ 2014ರವರೆಗೆ ನಿರಾಶ್ರಿತರಿಗಾದ ಖರ್ಚಿಗಿಂತ ಅವರಿಂದ ಬಂದ ತೆರಿಗೆಯೇ 6,300 ಕೋಟಿ ಡಾಲರಿನಷ್ಟು ಹೆಚ್ಚೆಂದು ಅಮೆರಿಕದ ಆರೋಗ್ಯ ಇಲಾಖೆಯ ಕರಡು ವರದಿಯೇ ಹೇಳಿತ್ತು. 2017ರಲ್ಲಿ ಅದು ಪತ್ರಿಕೆಗಳಲ್ಲಿ ಬಯಲಾಯಿತು. ಹಾಗಾದರೆ ಕೊರತೆ ಹಣದ್ದೇ? ಅದೇ ಮೇ ತಿಂಗಳಲ್ಲಿ ದಕ್ಷಿಣ ಆಫ್ರಿಕಾದ 59 ಬಿಳಿಯರನ್ನು ವಿಶೇಷ ವಿಮಾನದಲ್ಲಿ ಕರೆಸಿ, ಅಧಿಕಾರಿಗಳೇ ಸ್ವಾಗತಿಸಿದರು. ಅವರನ್ನು ನೆಲೆಗೊಳಿಸಲು ಎಪಿಸ್ಕೋಪಲ್ ಚರ್ಚ್ ಒಪ್ಪಲಿಲ್ಲ. ಸರ್ಕಾರದೊಂದಿಗೆ ದಶಕಗಳಿಂದಿದ್ದ ಒಪ್ಪಂದವನ್ನೇ ಕೈಬಿಟ್ಟಿತು. ಆ ನಿಷ್ಠುರತೆಯನ್ನು ನಾವು ಮೆಚ್ಚುತ್ತೇವೆ. ಕಷ್ಟದ ಅಳತೆ ಬಿಟ್ಟು ಚರ್ಮದ ಬಣ್ಣ ನೋಡಿ ಬಾಗಿಲು ತೆರೆಯುವುದು ಆಶ್ರಯವಲ್ಲ, ಆಯ್ಕೆ.

ಪುನರ್ವಸತಿ ತಿಂಗಳುಗಳ ಮಾತಲ್ಲವೆಂಬುದು ಕನ್ನಡಿಗರಿಗೆ ಗೊತ್ತಿರಬೇಕು. 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಯ ಕಾಡು ಕಡಿದು ನೆಲೆ ಕಂಡ ಟಿಬೆಟನ್ನರಿಗೆ ಭೂಮಿ, ಪಡಿತರ, ಶಾಲೆ, ಸಹಕಾರ ಸಂಘ ಬೇಕಾದವು, ವರ್ಷಗಳೇ ಹಿಡಿದವು.

ನಿರಾಶ್ರಿತರು ಕದ್ದು ನುಗ್ಗಿದವರಲ್ಲ. ವರ್ಷಗಟ್ಟಲೆ ತನಿಖೆ ನಡೆಸಿ, ಬನ್ನಿ ಎಂದು ಸರ್ಕಾರವೇ ಕರೆಸಿಕೊಂಡವರು. ಅತಿಥಿಯನ್ನು ಕರೆದು, ಎಲೆ ಹಾಕಿ, ಊಟದ ನಡುವೆ ಎಬ್ಬಿಸುವುದಕ್ಕೆ ಮಿತವ್ಯಯ ಎನ್ನುವುದಿಲ್ಲ. ಅದು ವಚನಭಂಗ.